ಹಿಮದ ನಾಡಿನ ಕೋಳಿ

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆಯನ್ನು ಕನ್ನಡ ನಾಡಿನ ಮಕ್ಕಳು ಚಿಕ್ಕಂದಿನಲ್ಲಿಯೇ ಕೇಳಿರುತ್ತಾರೆ. ಊರವರ ಮೇಲೆ ಮುನಿಸಿಕೊಂಡ ಆ ಅಜ್ಜಿಯು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಊರು ಬಿಟ್ಟು ಹೊರಟುಹೋದಳು. ಮರುದಿನ ಎಂದಿನಂತೆಯೇ ಸೂರ್ಯನು ಹುಟ್ಟಿದನು. ಇಂಥ ಭ್ರಮೆಯು ಬೇರೆ ನಾಡುಗಳ ಕಥೆಗಳಲ್ಲಿಯೂ ಇದೆ. 1910ರಲ್ಲಿ ಪ್ಯಾರಿಸ್ ನಗರದಲ್ಲಿ ಮೊದಲು ಪ್ರದರ್ಶಿತವಾದ ಎಡ್ಮಂಡ್ ರೋಸ್ತಾನನ ನಾಟಕವೊಂದರಲ್ಲಿ ನಾಯಕನೇ ಒಂದು ಹುಂಜ. ತಾನು ಕೂಗದಿದ್ದರೆ ಹಗಲೇ ಆಗದೆಂಬುದು ಅದರ ನಂಬಿಕೆ. ಆ ಹುಂಜದ ಹೆಸರು ಶಾಂತೆಕ್ಲೇರ್. ಫ್ರೆಂಚ್ ಭಾಷೆಯಲ್ಲಿ ‘ಸ್ಪಷ್ಟವಾಗಿ ಹಾಡುವುದು’ ಎಂಬ ಅರ್ಥ ಆ ಹೆಸರಿನಲ್ಲಿ ಅಡಗಿದೆ.

ಇದೇ ಹೆಸರಿನ ಕೋಳಿಯ ತಳಿಯೊಂದು ಕೆನಡಾ ದೇಶದಲ್ಲಿದೆ. ಸೂರ್ಯನು ದಿನಕ್ಕೆ ಒಂಬತ್ತು ಗಂಟೆಯೂ ಮುಖ ತೋರಿಸದ ಚಳಿಗಾಲದಲ್ಲಿ ಬದುಕಿ ಉಳಿದು ಮೊಟ್ಟೆಯಿಡುವ ಕೆಲಸ ಅದರ ಪಾಲಿಗೆ ಬಂದಿದೆ. ಆ ಕೋಳಿಯನ್ನು ಉಳಿಸುವ ಕೆಲಸ ಮಾತ್ರ ಮನುಷ್ಯರ ಪಾಲಿಗೆ ಬಂದಿದೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟವೆಂದು ಹೇಳುವುದು ಸುಲಭವಲ್ಲ.

ಕೋಳಿಯು ಮೂಲತಃ ಬೆಚ್ಚನೆಯ ನಾಡಿನ ಪಕ್ಷಿ. ದಕ್ಷಿಣ ಮತ್ತು ಆಗ್ನೇಯ ಏಷ್ಯದ ಕಾಡುಗಳಲ್ಲಿ ವಾಸಿಸುವ ಕೆಂಪು ಕಾಡುಕೋಳಿಯೇ ಸಾಕುಕೋಳಿಗಳ ಮುಖ್ಯ ಪೂರ್ವಜ. ಹುಂಜದ ತಲೆಯ ಮೇಲೆ ಕಿರೀಟದಂತೆ ಮೆರೆಯುವ ಕೆಂಪು ಜುಟ್ಟು ಕೇವಲ ಅಲಂಕಾರಕ್ಕಾಗಿ ಇರುವುದಲ್ಲ. ಕೋಳಿಗೆ ನಮ್ಮಂತೆ ಬೆವರುವ ಶಕ್ತಿಯಿಲ್ಲ. ಜುಟ್ಟಿನಲ್ಲಿಯೂ ಗದ್ದದ ಕೆಳಗೆ ಜೋಲುವ ತೊಗಲಿನಲ್ಲಿಯೂ ಹರಿಯುವ ರಕ್ತವು ಮೈಯ ಬಿಸಿಯನ್ನು ಹೊರಗೆ ಬಿಡುತ್ತದೆ. ಸುಡುವ ಬಿಸಿಲಿನಲ್ಲಿ ವರವಾದ ಈ ಅಂಗವೇ ಹಿಮದ ನಾಡಿನಲ್ಲಿ ಶಾಪವಾಗುತ್ತದೆ. ಅಲ್ಲಿ ದೊಡ್ಡ ಜುಟ್ಟಿನ ತುದಿಗಳು ಹೆಪ್ಪುಗಟ್ಟಿ, ಕಪ್ಪಾಗಿ, ಉದುರಿಹೋಗುತ್ತವೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಓಕಾ ಎಂಬ ಊರಿದೆ. ಅಲ್ಲಿನ ಕ್ರೈಸ್ತ ಮಠದಲ್ಲಿ ವಿಲ್ಫ್ರಿಡ್ ಶಾತಲೇನ್ ಎಂಬ ಸನ್ಯಾಸಿಯು ಕೋಳಿಗಳ ಉಸ್ತುವಾರಿಯನ್ನು ನೋಡಿಕೊಳ್ಳುತ್ತಿದ್ದನು. ನಾಡಿನ ಕೋಳಿಗಳೆಲ್ಲವೂ ಹೊರಗಿನಿಂದ ಬಂದವು. ಇಲ್ಲಿಯ ಚಳಿಗೆಂದೇ ಹುಟ್ಟಿದ ತಳಿ ಒಂದೂ ಇಲ್ಲ ಎಂಬ ಕೊರತೆ ಅವನ ಮನಸ್ಸನ್ನು ಕಾಡಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವನು ಕೆಲಸವನ್ನು ಆರಂಭಿಸಿದನು. ಡಾರ್ಕ್ ಕಾರ್ನಿಷ್, ವೈಟ್ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ವೈಟ್ ವಯಾಂಡಾಟ್, ವೈಟ್ ಪ್ಲಿಮತ್ ರಾಕ್ ಎಂಬ ಐದು ತಳಿಗಳನ್ನು ಒಂದರೊಡನೊಂದು ಕೂಡಿಸುತ್ತ, ಪ್ರತಿ ಪೀಳಿಗೆಯಲ್ಲಿಯೂ ತನಗೆ ಬೇಕಾದ ಗುಣದ ಮರಿಗಳನ್ನೇ ಆರಿಸುತ್ತ ಹೋದನು. ಸುಮಾರು ಹತ್ತು ವರ್ಷಗಳ ತಾಳ್ಮೆಯ ಫಲವಾಗಿ, 1918ರಲ್ಲಿ ಜನರ ಮುಂದೆ ಬಂದ ಬಿಳಿಯ ಕೋಳಿಯೇ ಶಾಂತೆಕ್ಲೇರ್. ಮೈತುಂಬ ಒತ್ತಾದ ಗರಿ, ತುಂಬಿದ ಎದೆ, ತಲೆಗೆ ಅಂಟಿಕೊಂಡ ಗುಂಡಿಯಂತಹ ಪುಟ್ಟ ಜುಟ್ಟು, ಇದ್ದೂ ಇಲ್ಲದಂತಹ ಗದ್ದದ ತೊಗಲು; ಹಿಮವು ಕಚ್ಚುವುದಕ್ಕೆ ಅದರಲ್ಲಿ ಹೆಚ್ಚು ಎಡೆಯೇ ಇರಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಆ ಐದು ತಳಿಗಳಲ್ಲಿ ಮೊದಲನೆಯದಾದ ಕಾರ್ನಿಷ್ ಕೋಳಿಗೆ ಇಂಗ್ಲೆಂಡಿನಲ್ಲಿ ‘ಇಂಡಿಯನ್ ಗೇಮ್’ ಎಂಬ ಹೆಸರೂ ಉಂಟು. ಅದರ ಪೂರ್ವಜರಲ್ಲಿ ನಮ್ಮ ದೇಶದ ಅಸೀಲ್ ಕೋಳಿಯೂ ಸೇರಿದೆ. ಹೀಗೆ ಹಿಮದಲ್ಲಿ ಓಡಾಡುವ ಆ ಕೆನಡಾದ ಕೋಳಿಯ ಮೈಯಲ್ಲಿ ಭಾರತದ ಬಿಸಿಲಿನ ರಕ್ತವೂ ಒಂದಿಷ್ಟು ಹರಿಯುತ್ತಿದೆ.

ಇಷ್ಟು ಶ್ರಮದಿಂದ ಹುಟ್ಟಿದ ತಳಿಯು ಹೆಚ್ಚು ಕಾಲ ಬೆಳಗಲಿಲ್ಲ. ಮೊಟ್ಟೆಗೆಂದೇ ಒಂದು ಕೋಳಿ, ಮಾಂಸಕ್ಕೆಂದೇ ಇನ್ನೊಂದು ಕೋಳಿ ಎಂಬ ಹೊಸ ಪದ್ಧತಿಯು ಬಂದಿತು. ಮಾಂಸದ ಕೋಳಿಯು ಆರು ವಾರಗಳಲ್ಲಿ ಎರಡು ಕಿಲೋಗ್ರಾಂ ತೂಗತೊಡಗಿದಾಗ, ಅಷ್ಟಕ್ಕೆ ನಾಲ್ಕು ತಿಂಗಳು ಬೇಕೆನ್ನುವ ಶಾಂತೆಕ್ಲೇರ್ ಯಾರಿಗೆ ಬೇಕು? 1979ರಲ್ಲಿ ಈ ತಳಿಯು ಅಳಿದೇಹೋಯಿತೆಂದು ತಿಳಿದವರು ಭಾವಿಸಿದರು. ಆದರೆ ಅಲ್ಲೊಂದು ಇಲ್ಲೊಂದು ರೈತರ ಹಿತ್ತಿಲಿನಲ್ಲಿ ಕೆಲವು ಕೋಳಿಗಳು ಯಾರ ಗಮನಕ್ಕೂ ಬಾರದೆ ಕಾಳು ಕೆದಕುತ್ತಲೇ ಇದ್ದವು. ಅವುಗಳಿಂದ ತಳಿಯು ಮತ್ತೆ ಚಿಗುರಿತು. 1999ರಲ್ಲಿ ಕ್ವಿಬೆಕ್ ಸರ್ಕಾರವು ಕಾನೂನಿನ ಮೂಲಕ ಇದನ್ನು ನಾಡಿನ ಪರಂಪರೆಯ ತಳಿಗಳಲ್ಲಿ ಒಂದೆಂದು ಗುರುತಿಸಿತು. ಗೌರವವೇನೋ ದೊರೆಯಿತು, ಆದರೆ ಗೌರವದಿಂದ ಕೋಳಿಯ ಹೊಟ್ಟೆ ತುಂಬುವುದಿಲ್ಲ.

ಆ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಇಂಥ ಕೋಳಿಗಳನ್ನು ಸಾಕಿದ್ದ ಅಜ್ಜಿಯೊಬ್ಬಳಿದ್ದಳು. ಆಕೆಗೆ ದೊಡ್ಡ ಜಮೀನಿರಲಿಲ್ಲ. ಮನೆಯ ಹಿಂದೆ ಮರದ ಹಲಗೆಯ ಕೋಳಿಮನೆ, ಅದರಲ್ಲಿ ಇಪ್ಪತ್ತು ಹೇಟೆಗಳು, ಎರಡು ಹುಂಜಗಳು, ಮತ್ತು ಒಂದು ಲೆಕ್ಕದ ಪುಸ್ತಕ. ಇಷ್ಟೇ ಆಕೆಯ ಸಂಪತ್ತು. ಲೆಕ್ಕ ಬರೆಯುವ ಕೆಲಸ ಹದಿನಾಲ್ಕು ವರ್ಷದ ಮೊಮ್ಮಗನದು.

ಶರತ್ಕಾಲ ಬಂದೊಡನೆ ಆಕೆಯ ಮನಸ್ಸು ಭಾರವಾಗುತ್ತಿತ್ತು. ವಸಂತದಲ್ಲಿ ನೂರು ಮರಿಗಳಾದರೆ ಅವುಗಳಲ್ಲಿ ಹೆಚ್ಚು ಕಡಿಮೆ ಐವತ್ತು ಹುಂಜಗಳೇ ಆಗಿರುತ್ತವೆ. ತಳಿಯನ್ನು ಮುಂದುವರಿಸಲು ಎರಡು ಸಾಕು. ಉಳಿದವನ್ನು ಹಿಮ ಬೀಳುವ ಮೊದಲೇ ಮಾರಬೇಕು. ಅವು ಹೋಗುವುದು ಅಡುಗೆಮನೆಗೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆಕೆಯು ಒಂದೊಂದನ್ನೂ ಕೈಯಲ್ಲಿ ಹಿಡಿದು ಜುಟ್ಟು, ಎದೆ, ಕಾಲುಗಳನ್ನು ಪರೀಕ್ಷಿಸಿ ಎರಡು ಗುಂಪು ಮಾಡುತ್ತಿದ್ದಳು. ಆ ದಿನ ಆಕೆಯು ಹೆಚ್ಚು ಮಾತನಾಡುತ್ತಿರಲಿಲ್ಲ.

“ಉಳಿಸಬೇಕೆಂದು ಸಾಕುತ್ತೀಯೆ, ಮತ್ತೆ ಕೊಲ್ಲಲು ಕೊಡುತ್ತೀಯಲ್ಲ ಅಜ್ಜಿ!” ಎಂದು ಮೊಮ್ಮಗನು ಒಮ್ಮೆ ಕೇಳಿದನು.

“ಇವುಗಳನ್ನು ಮಾರಿದ ಹಣವೇ ಅವುಗಳ ಕಾಳು, ಮಗು” ಎಂದು ಆಕೆಯು ಇನ್ನೊಂದು ಗುಂಪಿನ ಕಡೆಗೆ ಕೈತೋರಿಸಿದಳು. ಹುಡುಗನಿಗೆ ಆ ಉತ್ತರ ಸಮಾಧಾನ ತರಲಿಲ್ಲ. ಆದರೆ ಲೆಕ್ಕದ ಪುಸ್ತಕವು ಅಜ್ಜಿಯ ಪಕ್ಷವನ್ನೇ ವಹಿಸಿತು. ಚಳಿಗಾಲದಲ್ಲಿ ಒಂದು ಕೋಳಿಗೆ ದಿನಕ್ಕೆ 150 ಗ್ರಾಂ ಆಹಾರವೆಂದು ಹಿಡಿದರೂ, ಇಪ್ಪತ್ತೆರಡಕ್ಕೆ 3 ಕಿಲೋಗ್ರಾಂ 300 ಗ್ರಾಂ ಬೇಕು. ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ, ಅಂದರೆ 150 ದಿನಗಳಿಗೆ, 495 ಕಿಲೋಗ್ರಾಂ. ಇದರ ಎದುರಿಗೆ ಮೊಟ್ಟೆಯ ಆದಾಯವೋ ದಿನದಿನಕ್ಕೆ ಇಳಿಯುತ್ತಿತ್ತು. ಹಗಲಿನ ಬೆಳಕು ಕಡಿಮೆಯಾದಂತೆ ಹೇಟೆಗಳ ಮೊಟ್ಟೆಯೂ ಕಡಿಮೆಯಾಗುವುದು ಪ್ರಕೃತಿಯ ನಿಯಮ. ಮೈಯನ್ನು ಬೆಚ್ಚಗಿಡಲು ತಿನ್ನುವುದು ಹೆಚ್ಚು, ಕೊಡುವುದು ಕಡಿಮೆ. ಚಳಿಗಾಲದ ಕೋಳಿಯ ಬಾಳೇ ಹಾಗೆ.

ಆಕೆಯ ಕೋಳಿಮನೆಯಲ್ಲಿ ಒಲೆಯಾಗಲಿ ಬಿಸಿ ಕೊಡುವ ದೀಪವಾಗಲಿ ಇರಲಿಲ್ಲ. ಒಣಗಿದ ಮರದ ಹೊಟ್ಟಿನ ನಡುವೆ ಅಂಥ ದೀಪವು ಬೆಂಕಿಗೆ ಕೊಟ್ಟ ಆಹ್ವಾನವೆಂದು ಆಕೆಯು ಹೇಳುತ್ತಿದ್ದಳು. ನೆಲಕ್ಕೆ ದಪ್ಪನಾಗಿ ಹೊಟ್ಟು ಹಾಸಿದ್ದಳು. ಕೋಳಿಗಳು ರಾತ್ರಿ ಕುಳಿತುಕೊಳ್ಳುವ ಅಡ್ಡಪಟ್ಟಿಗಳನ್ನು ಅಗಲವಾಗಿ ಮಾಡಿಸಿದ್ದಳು. ಅಗಲವಾದ ಪಟ್ಟಿಯ ಮೇಲೆ ಕೋಳಿಯು ಪಾದವನ್ನು ಚಪ್ಪಟೆಯಾಗಿ ಊರಿ ಎದೆಯ ಗರಿಯಿಂದ ಮುಚ್ಚಿಕೊಳ್ಳಬಲ್ಲದು. ಕುಡಿಯುವ ನೀರು ಹೆಪ್ಪುಗಟ್ಟುತ್ತಿದ್ದುದರಿಂದ ದಿನಕ್ಕೆ ಹಲವು ಬಾರಿ ಬಿಸಿನೀರನ್ನು ಹೊತ್ತು ತರಬೇಕಾಗಿತ್ತು. ಇವೆಲ್ಲಕ್ಕಿಂತ ಮುಖ್ಯವಾದುದು ಸೂರಿನ ಕೆಳಗೆ, ಕೋಳಿಗಳ ತಲೆಯಿಂದ ಎತ್ತರದಲ್ಲಿ, ಇದ್ದ ಎರಡು ಕಿಂಡಿಗಳು. ಎಂಥ ಚಳಿಯಿದ್ದರೂ ಅವು ತೆರೆದೇ ಇರಬೇಕೆಂಬುದು ಆಕೆಯ ಕಟ್ಟಪ್ಪಣೆ.

ಜನವರಿ ತಿಂಗಳ ಒಂದು ರಾತ್ರಿ ಚಳಿಯು ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯಿತು. ಅಜ್ಜಿಗೆ ಜ್ವರ ಬಂದು ಮಲಗಿದ್ದಳು. ಕೋಳಿಗಳಿಗೆ ಕಾಳು ಹಾಕಲು ಹೋದ ಮೊಮ್ಮಗನು ಕಿಂಡಿಗಳಿಂದ ಬರುತ್ತಿದ್ದ ಗಾಳಿಯನ್ನು ಕಂಡು ಮರುಗಿದನು. ಹಳೆಯ ಗೋಣಿಯನ್ನು ತಂದು ಕಿಂಡಿಗಳೆರಡನ್ನೂ ಬಿಗಿಯಾಗಿ ಮುಚ್ಚಿದನು. ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷದಿಂದ ಹೋಗಿ ಮಲಗಿದನು.

ಬೆಳಗ್ಗೆ ಬಾಗಿಲು ತೆರೆದಾಗ ಗೋಡೆಗಳ ಒಳಮೈ ಬೆಳ್ಳಗೆ ಮಂಜುಗಟ್ಟಿತ್ತು. ಇಪ್ಪತ್ತೆರಡು ಕೋಳಿಗಳು ಇಡೀ ರಾತ್ರಿ ಬಿಟ್ಟ ಉಸಿರು, ಹಿಕ್ಕೆಯಿಂದ ಎದ್ದ ತೇವ, ಎರಡೂ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಂತಿದ್ದವು. ಒಣ ಚಳಿಯನ್ನು ಕೋಳಿಯು ತಡೆಯಬಲ್ಲದು. ತೇವದೊಡನೆ ಕೂಡಿದ ಚಳಿಯನ್ನು ಎಂಥ ಗಟ್ಟಿ ತಳಿಯೂ ತಡೆಯಲಾರದು. ಹೇಟೆಗಳಿಗೆ ಹೆಚ್ಚಿನ ಅಪಾಯವಾಗಿರಲಿಲ್ಲ. ಎರಡು ಹುಂಜಗಳಲ್ಲಿ ಶ್ರೇಷ್ಠವಾದುದು ಮಾತ್ರ ಗರಿ ಕೆದರಿಕೊಂಡು ಮೂಲೆಯಲ್ಲಿ ನಿಂತಿತ್ತು. ಅದರ ಗದ್ದದ ತೊಗಲು ಊದಿಕೊಂಡಿತ್ತು. ಕೆಲವು ದಿನಗಳಲ್ಲಿ ಜುಟ್ಟಿನ ಅಂಚೂ ತೊಗಲಿನ ತುದಿಯೂ ಕಪ್ಪಾದವು.

“ಚಳಿಗೆ ಸಾಯುತ್ತವೆಂದು ಮುಚ್ಚಿದೆ, ಅಜ್ಜಿ” ಎಂದು ಹುಡುಗನು ತಲೆ ತಗ್ಗಿಸಿದನು.

ಅಜ್ಜಿಯು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಿನಗೆ ಚಳಿಯಾಯಿತು, ಮಗು. ಅವಕ್ಕೆ ಏನು ಬೇಕೆಂದು ನೀನು ಕೇಳಲಿಲ್ಲ” ಎಂದಳು. ಬೈಗುಳಕ್ಕಿಂತ ಆ ಮಾತು ಹುಡುಗನಿಗೆ ಹೆಚ್ಚು ತಾಗಿತು.

ಹುಂಜವು ಬದುಕಿತು. ಆದರೆ ನಷ್ಟದ ಪೂರ್ಣ ಪ್ರಮಾಣವು ತಿಳಿದುದು ಮಾರ್ಚ್ ತಿಂಗಳಿನಲ್ಲಿ. ಮರಿಗಳಿಗಾಗಿ ದೂರದ ರೈತರು ಆಗಲೇ ಮುಂಗಡ ಕೊಟ್ಟಿದ್ದರು. ಚಳಿಗಾಲದ ಸಾಲವೆಲ್ಲ ತೀರಬೇಕಾದುದು ವಸಂತದ ಮರಿಗಳಿಂದಲೇ. ಕಾವಿಗಿಟ್ಟ ಮೊಟ್ಟೆಗಳನ್ನು ಏಳನೆಯ ದಿನ ಕತ್ತಲೆಯ ಕೋಣೆಯಲ್ಲಿ ದೀಪಕ್ಕೆ ಹಿಡಿದು ನೋಡಿದರು. ಜೀವವಿರುವ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ಕೆಂಪು ನಾಳಗಳು ಕಾಣಬೇಕು. ಆ ಹುಂಜದ ಪಾಲಿನ ಹತ್ತು ಹೇಟೆಗಳ ಮೊಟ್ಟೆಗಳೆಲ್ಲವೂ ಬರಿದಾಗಿದ್ದವು. ಹಿಮವು ಕಚ್ಚಿದ ಹುಂಜವು ಕೆಲವು ಕಾಲ ಸಂತಾನಶಕ್ತಿಯನ್ನು ಕಳೆದುಕೊಳ್ಳುವುದುಂಟು. ಎರಡನೆಯ ಹುಂಜವನ್ನು ಬಿಡೋಣವೆಂದರೆ ಅದು ಆ ಹೇಟೆಗಳಿಗೆ ಒಡಹುಟ್ಟು; ರಕ್ತಸಂಬಂಧದಲ್ಲಿಯೇ ಕೂಡಿಸುತ್ತ ಹೋದರೆ ತಳಿಯು ದುರ್ಬಲವಾಗುತ್ತದೆ.

ಅಜ್ಜಿಯು ಹಳೆಯ ಲೆಕ್ಕದ ಪುಸ್ತಕವನ್ನು ತರಿಸಿದಳು. ಹುಡುಗನು ಹಾಳೆಗಳನ್ನು ಮಗುಚುತ್ತ ಎರಡು ವರ್ಷಗಳ ಹಿಂದಿನ ಒಂದು ಸಾಲಿನಲ್ಲಿ ನಿಂತನು. ಅದೇ ಹುಂಜಕ್ಕೆ ಬೇರೆ ಹೇಟೆಗಳಲ್ಲಿ ಹುಟ್ಟಿದ ಹನ್ನೆರಡು ಮರಿಗಳನ್ನು ಎರಡು ಹಳ್ಳಿಗಳಾಚೆಯ ರೈತನಿಗೆ ಮಾರಿದ ಲೆಕ್ಕ ಅಲ್ಲಿತ್ತು. ಹಣದ ಅಡಚಣೆಯಿಂದ ಒಲ್ಲದ ಮನಸ್ಸಿನಿಂದಲೇ ಆಕೆಯು ಅಂದು ಅವನ್ನು ಕೊಟ್ಟಿದ್ದಳು. ಅಂದು ಸಂಜೆಯೇ ಇಬ್ಬರೂ ಆ ರೈತನ ಮನೆಗೆ ಹೋದರು. ಅವನ ಅಂಗಳದಲ್ಲಿ ತಂದೆಯದೇ ಎದೆ, ತಂದೆಯದೇ ನಡಿಗೆಯುಳ್ಳ ಬಿಳಿಯ ಹುಂಜವೊಂದು ಹಿಮದ ಮೇಲೆ ಗಂಭೀರವಾಗಿ ಅಡ್ಡಾಡುತ್ತಿತ್ತು. ರೈತನು ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಮೊದಲ ಕಾವಿನ ಹನ್ನೆರಡು ಮರಿಗಳನ್ನು ಕೊಟ್ಟರೆ ಸಾಕೆಂದನು.

ಆ ವರ್ಷ ಮರಿಗಳು ಒಂದು ತಿಂಗಳು ತಡವಾಗಿ ಹೊರಬಂದವು. ಮುಂಗಡ ಕೊಟ್ಟವರಲ್ಲಿ ಇಬ್ಬರು ಹಣವನ್ನು ಹಿಂದಕ್ಕೆ ಕೇಳಿದರು, ಉಳಿದವರು ಕಾದರು. ವರ್ಷದ ಕೊನೆಯಲ್ಲಿ ಜಮಾ ಮತ್ತು ಖರ್ಚು ಹೇಗೋ ಸರಿದೂಗಿದವು. ಲಾಭವೆಂದು ಬರೆಯುವುದಕ್ಕೆ ಹೆಚ್ಚೇನೂ ಉಳಿಯಲಿಲ್ಲ. ಆದರೆ ಮೊಮ್ಮಗನು ಪುಸ್ತಕದ ಕೊನೆಯಲ್ಲಿ ಒಂದು ಹೊಸ ಪುಟವನ್ನು ತೆರೆದನು. ಯಾವ ಮರಿಗಳು ಯಾವ ಊರಿಗೆ, ಯಾರ ಮನೆಗೆ ಹೋದವು ಎಂಬುದನ್ನು ಅದರಲ್ಲಿ ಒಂದೂ ಬಿಡದಂತೆ ಬರೆದಿಟ್ಟನು. ಮುಂದಿನ ಚಳಿಗಾಲದಲ್ಲಿ ಕಿಂಡಿಗಳನ್ನು ತೆರೆದಿಡುವ ಹೊಣೆಯನ್ನೂ ತಾನೇ ವಹಿಸಿಕೊಂಡನು.

ಅಪರೂಪದ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ಉಳಿಯಬಹುದು. ಅಪರೂಪದ ಜೀವಕ್ಕೆ ಈ ಮಾತು ಸಲ್ಲದು. ಅದು ಹತ್ತು ಮನೆಗಳಿಗೆ ಹಂಚಿಹೋಗಬೇಕು, ಹತ್ತು ಜನರಿಗೆ ಬೇಕಾಗಬೇಕು. ತನ್ನ ಅನ್ನವನ್ನು ತಾನೇ ದುಡಿಯಬೇಕು. 1979ರಲ್ಲಿ ಶಾಂತೆಕ್ಲೇರ್ ತಳಿಯನ್ನು ಕಾಪಾಡಿದವರೂ ಹೆಸರಿಲ್ಲದ ಕೆಲವು ಹಿತ್ತಿಲುಗಳ ಒಡೆಯರೇ ಅಲ್ಲವೆ?

ಕಥೆಯ ಅಜ್ಜಿಯು ತನ್ನ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರನ್ನು ಬಿಟ್ಟುಹೋದಳು. ಈ ಅಜ್ಜಿಯು ತನ್ನ ಕೋಳಿಗಳನ್ನು ಊರೂರಿಗೆ ಕೊಟ್ಟಳು. ಕೊಟ್ಟುದರಲ್ಲಿ ಒಂದು, ತಕ್ಕ ಕಾಲದಲ್ಲಿ, ಆಕೆಯ ಅಂಗಳಕ್ಕೆ ಹಿಂದಿರುಗಿ ಬಂದು ಕೂಗಿತು.