ಉಡುಪೂ ಮುಖವೂ

ಯಾರ ಕಣ್ಣಿಗೂ ಬೀಳದೆ ಸಂಚರಿಸಬೇಕೆಂಬ ಆಸೆ ಮನುಷ್ಯನಿಗೆ ಬಲು ಹಳೆಯದು. ಅದಕ್ಕಾಗಿ ಕಥೆಗಳಲ್ಲಿ ಬರುವ ಸಿದ್ಧರು ಅಂಜನವನ್ನು ಹಚ್ಚಿಕೊಂಡರು. ಮಂತ್ರವಾದಿಗಳು ಬಾಯಲ್ಲಿ ಗುಟಿಕೆಯನ್ನಿಟ್ಟುಕೊಂಡರು. ಡೆನ್ಮಾರ್ಕ್ ದೇಶದ ಕೆಲವರು ತಾವು ಕಟ್ಟಿದ ಒಂದು ಆಟದಲ್ಲಿ ಇದಕ್ಕಿಂತ ಸುಲಭವಾದ ಉಪಾಯವನ್ನು ತೋರಿಸಿದ್ದಾರೆ. ಅಂಜನವೂ ಬೇಡ, ಗುಟಿಕೆಯೂ ಬೇಡ. ಮಾಣಿಯ ಅಂಗಿಯೊಂದಿದ್ದರೆ ಸಾಕು. ಅದನ್ನು ತೊಟ್ಟವನು ಔತಣಕೂಟದ ನಟ್ಟನಡುವೆ ನಡೆದುಹೋದರೂ ಅತಿಥಿಗಳಲ್ಲಿ ಒಬ್ಬನಾದರೂ ಅವನನ್ನು ಕಂಡೆನೆಂದು ಹೇಳಲಾರನು.

ಆ ವಿಡಿಯೋ ಆಟದ ಹೆಸರು ಹಿಟ್‌ಮ್ಯಾನ್. ಕೂಲಿಗೆ ಕೊಲ್ಲುವವನೆಂದು ಅದರ ಅರ್ಥ. ಕೋಪನ್‌ಹೇಗನ್ ನಗರದಲ್ಲಿ 1998ರಲ್ಲಿ ಹುಟ್ಟಿದ ಐಓ ಇಂಟರ್‌ಆ್ಯಕ್ಟಿವ್ ಎಂಬ ಸಂಸ್ಥೆಯವರು ಇದರ ಮೊದಲನೆಯ ಭಾಗವನ್ನು 2000ದಲ್ಲಿ ಹೊರತಂದರು. ಆಮೇಲೆ ಬಂದ ಭಾಗಗಳು ಹಲವು. ಅವುಗಳಲ್ಲಿ 2016, 2018, 2021ನೆಯ ಇಸವಿಗಳ ಮೂರು ಭಾಗಗಳು ಒಂದೇ ಕಥೆಯ ಮೂರು ಕಾಂಡಗಳಂತಿವೆ. ಕಥಾನಾಯಕನಿಗೆ ಹೆಸರಿಲ್ಲ, 47 ಎಂಬ ಅಂಕಿಯೇ ಅವನ ಹೆಸರು. ಅವನು ತಾಯಿಯ ಗರ್ಭದಲ್ಲಿ ಹುಟ್ಟಿದವನಲ್ಲ. ಐವರು ಪುರುಷರ ವಂಶಬೀಜವನ್ನು ಬೆರೆಸಿ ಒಬ್ಬ ವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಅವನನ್ನು ನಿರ್ಮಿಸಿದನೆಂದು ಕಥೆ. ಎತ್ತರದ ದೇಹ, ಬೋಳುತಲೆ, ಹಿಂದಲೆಯ ಮೇಲೆ ಅಂಗಡಿಯ ಸಾಮಾನಿನ ಮೇಲಿರುವಂಥ ಗೆರೆಗಳ ಗುರುತು. ನೂರು ಜನರಲ್ಲಿ ಥಟ್ಟನೆ ಎದ್ದುಕಾಣಬೇಕಾದ ಇಂಥ ಆಕೃತಿಯವನು ಯಾರ ಗಮನಕ್ಕೂ ಬಾರದೆ ತಿರುಗುವನೆಂಬುದೇ ಈ ಆಟದ ಮೊದಲನೆಯ ವಿನೋದ.

ಕೊಲೆಗಾರನ ಪಾತ್ರವನ್ನು ವಹಿಸತಕ್ಕ ಆಟವು ಸಭ್ಯರ ಮನೆಯಲ್ಲಿ ಏತಕ್ಕೆಂದು ಹಿರಿಯರು ಕೇಳುವರು. ಅವರ ಪ್ರಶ್ನೆ ನ್ಯಾಯವಾದುದೇ. ಎಳೆಯರಿಗೆ ತಕ್ಕುದಲ್ಲವೆಂಬ ಮುದ್ರೆ ಆಟದ ಮೇಲೆಯೇ ಇದೆ. ಆದರೆ ಕದದ ಹೊರಗೆ ನಿಂತು ಊಹಿಸಿಕೊಂಡವರಿಗೆ ಒಳಗೆ ಬಂದು ಕುಳಿತಾಗ ಆಶ್ಚರ್ಯವಾಗದೆ ಇರದು. ಅಲ್ಲಿ ಅಬ್ಬರವಿಲ್ಲ, ಓಟವಿಲ್ಲ. ಆಡುವವನು ಬಹಳ ಹೊತ್ತು ಸುಮ್ಮನೆ ನೋಡುತ್ತಿರುತ್ತಾನೆ. ಅಡುಗೆಯವನು ಯಾವಾಗ ಹಿತ್ತಿಲಿಗೆ ಹೋಗುವನು, ಕಾವಲುಗಾರನು ಎಷ್ಟು ಹೆಜ್ಜೆ ನಡೆದು ಹಿಂದಿರುಗುವನು, ಯಾವ ಬಾಗಿಲಿಗೆ ಬೀಗವಿಲ್ಲ, ಇವನ್ನೆಲ್ಲ ಮನಸ್ಸಿನಲ್ಲಿ ಗುರುತುಹಾಕಿಕೊಳ್ಳುತ್ತಾನೆ. ಒಮ್ಮೆ ಒಂದು ನಾಣ್ಯವನ್ನು ದೂರಕ್ಕೆ ಎಸೆಯುವನು. ಅದರ ಸದ್ದಿಗೆ ಒಬ್ಬನು ತಲೆ ತಿರುಗಿಸುವಷ್ಟರಲ್ಲಿ ಎರಡು ಹೆಜ್ಜೆ ಮುಂದಿಡುವನು. ಗುರಿಯಾದವನನ್ನು ಬಿಟ್ಟು ಇನ್ನೊಬ್ಬನ ಪ್ರಾಣಕ್ಕೆ ಕೈಯಿಟ್ಟರೆ ಅಂಕಗಳು ಕಡಿಮೆಯಾಗುವುವು. ಯಾರಿಗೂ ಸಂಶಯ ಬಾರದಂತೆ ಬಂದು ಹೋದವನಿಗೇ ಉತ್ತಮ ಪದವಿ; ಅದರ ಹೆಸರು ಮೌನ ಹಂತಕ. 2002ರ ಎರಡನೆಯ ಭಾಗಕ್ಕೆ ಇಂಗ್ಲಿಷಿನಲ್ಲಿ ಆ ಹೆಸರನ್ನೇ ಇಟ್ಟರು. ಮೊದಲನೆಯ ಭಾಗದಲ್ಲಂತೂ ನಡುವೆ ನಿಲ್ಲಿಸಿ ಆಟವನ್ನು ಕಾಪಿಟ್ಟುಕೊಳ್ಳುವ ಅನುಕೂಲವಿರಲಿಲ್ಲ. ಕೊನೆಯ ಗಳಿಗೆಯಲ್ಲಿ ತಪ್ಪಿದರೂ ಆ ಘಟ್ಟವನ್ನು ಮೊದಲಿನಿಂದ ಆರಂಭಿಸಬೇಕಾಗಿದ್ದಿತು. ಹೀಗೆ ಕೊಲೆಯ ಆಟವೆಂದು ಹೆಸರಾದುದು ವಾಸ್ತವವಾಗಿ ತಾಳ್ಮೆಯ ಆಟವಾಗಿದೆ.

ಈ ತಾಳ್ಮೆಗೆ ನೆರವಾಗಿ ಬರುವುದು ವೇಷ. ಪ್ಯಾರಿಸಿನ ಘಟ್ಟದಲ್ಲಿ ಒಂದು ಅರಮನೆ, ಅದರಲ್ಲಿ ಹೊಸ ಉಡುಪುಗಳ ಪ್ರದರ್ಶನ. 47 ಅಲ್ಲಿ ಮಾಣಿಯಾಗಬಹುದು, ಕಾವಲುಗಾರನಾಗಬಹುದು. ಅಷ್ಟೇಕೆ, ತನ್ನನ್ನೇ ಹೋಲುವ ಒಬ್ಬ ಪ್ರಸಿದ್ಧ ರೂಪದರ್ಶಿಯ ಉಡುಪನ್ನು ತೊಟ್ಟು, ದೀಪಗಳ ಬೆಳಕಿನಲ್ಲಿ, ಸಭೆಯೆಲ್ಲ ಕಣ್ಣಿಟ್ಟು ನೋಡುತ್ತಿರುವಾಗ, ವೇದಿಕೆಯ ಮೇಲೆ ನಡೆದು ಬರಬಹುದು. 2018ರ ಭಾಗದಲ್ಲಿ ಮುಂಬಯಿಯ ಒಂದು ಘಟ್ಟವಿದೆ. ಅಲ್ಲಿ ಹುಡುಕಬೇಕಾದವರಲ್ಲೊಬ್ಬನ ಮುಖ ಹೇಗಿದೆಯೆಂಬುದು ಆಡುವವನಿಗೂ ತಿಳಿಯದು. ಅವನೂ ಜನಸಂದಣಿಯನ್ನೇ ಮರೆಮಾಡಿಕೊಂಡವನು. ಅವನು ಕ್ಷೌರಕ್ಕೆಂದು ಬಂದು ಕುಳಿತಾಗ, ಕ್ಷೌರಿಕನ ಉಡುಪಿನಲ್ಲಿ ನಿಂತ ಅಪರಿಚಿತನ ಕತ್ತಿಗೆ ಹಿಂದುಮುಂದು ನೋಡದೆ ತನ್ನ ಕೊರಳನ್ನು ಒಪ್ಪಿಸುವನು. ಊರಿನವರೆಲ್ಲರಿಂದ ಮುಖವನ್ನು ಬಚ್ಚಿಟ್ಟವನು ತನ್ನ ಬೆನ್ನ ಹಿಂದಿರುವವನ ಮುಖವನ್ನು ಮಾತ್ರ ನೋಡಲಿಲ್ಲ.

ಇದನ್ನು ಆಟದವರ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದೊಡ್ಡ ಅಧಿಕಾರಿಗಳ ಮನೆಯೊಳಕ್ಕೆ ಹೋಗತಕ್ಕ ಗೂಢಪುರುಷರು ಅಡುಗೆಯವನು, ಸ್ನಾನಮಾಡಿಸುವವನು, ಹಾಸಿಗೆ ಹಾಸುವವನು, ಕ್ಷೌರಿಕ, ನೀರು ಕೊಡುವವನು ಮುಂತಾದ ವೇಷಗಳಲ್ಲಿ ಇರಬೇಕೆಂದು ಹೇಳಿದೆ. ವಿರಾಟನಗರಿಯ ಕಥೆಯನ್ನಂತೂ ಅರಿಯದವರಿಲ್ಲ. ಭೂಮಂಡಲಕ್ಕೆಲ್ಲ ಪರಿಚಿತರಾದ ಪಾಂಡವರು ಒಂದು ವರ್ಷ ಅಡಗಿಕೊಳ್ಳುವುದಕ್ಕೆ ಗುಹೆಯನ್ನಾಗಲಿ ಕಾಡನ್ನಾಗಲಿ ಹುಡುಕಲಿಲ್ಲ; ಅರಮನೆಯ ಅಡುಗೆಮನೆಯನ್ನೂ ಕುದುರೆಯ ಲಾಯವನ್ನೂ ದನದ ಕೊಟ್ಟಿಗೆಯನ್ನೂ ಹುಡುಕಿದರು. ದಿನವೂ ಭೀಮನ ಕೈಯಡುಗೆಯನ್ನುಂಡವರು ಭೀಮನನ್ನು ಕಾಣಲಿಲ್ಲ. ಸೈರಂಧ್ರಿಯನ್ನು ಕಣ್ಣೆತ್ತಿ ನೋಡಿದವನು ಕೀಚಕನೊಬ್ಬ. ಅವನು ನೋಡಿದುದೂ ಅವಳ ಮುಖವನ್ನಲ್ಲ. ನಾಟ್ಯಶಾಲೆಯ ಕತ್ತಲಲ್ಲಿ ಅವನು ಸತ್ತಾಗ, ಗಂಧರ್ವರು ಕೊಂದರೆಂದು ಊರೆಲ್ಲ ನಂಬಿತು. ಈ ಆಟದಲ್ಲಿಯೂ ಹಾಗೆಯೇ: ಸಾವು ಆಕಸ್ಮಿಕವೆಂದು ತೋರಿದರೆ ಯಾರೂ ಕೊಲೆಗಾರನನ್ನು ಅರಸಿ ಹೊರಡುವುದಿಲ್ಲ.

ಹಾಗಾದರೆ ವೇಷವನ್ನು ಗುರುತಿಸತಕ್ಕವರು ಒಬ್ಬರೂ ಇಲ್ಲವೇ? ಇದ್ದಾರೆ, ಈ ಆಟದ ತಿರುಳಿರುವುದೂ ಅಲ್ಲಿಯೇ. 2012ರ ಆ್ಯಬ್ಸಲ್ಯೂಷನ್ ಎಂಬ ಭಾಗದಲ್ಲಿ, ಯಾವ ಉಡುಪನ್ನು ತೊಟ್ಟರೆ ಆ ಉಡುಪಿನವರೆಲ್ಲರೂ 47ನನ್ನು ಸಂಶಯಿಸುವಂತೆ ನಿಯಮವಿಟ್ಟರು. ಅದು ಅತಿಯಾಯಿತೆಂದು ಆಡುವವರು ಗೊಣಗಿದರು. 2016ರ ಭಾಗದಲ್ಲಿ ಅದನ್ನು ಸಡಿಲಿಸಿ, ಕೆಲವರಿಗೆ ಮಾತ್ರ ಆ ದೃಷ್ಟಿಯನ್ನು ಕೊಟ್ಟರು. ಅವರ ತಲೆಯ ಮೇಲೆ ಬಿಳಿಯ ಚುಕ್ಕೆಯೊಂದು ಕಾಣುವುದು. ಅವರು ಯಾರು? ಮನೆಯ ಯಜಮಾನನಲ್ಲ, ಸಾವಿರ ರೂಪಾಯಿಯ ಮದ್ಯವನ್ನು ಕುಡಿಯುವ ಅತಿಥಿಯಲ್ಲ. ಅಡುಗೆಯವನ ವೇಷಕ್ಕೆ ಅಡುಗೆಮನೆಯ ಹಿರಿಯನು, ಕಾವಲುಗಾರನ ವೇಷಕ್ಕೆ ಕಾವಲುಗಾರರ ನಾಯಕನು. ಪಕ್ಕದಲ್ಲಿ ನಿಂತು ದಿನವೂ ಬೆವರು ಸುರಿಸುವವನಿಗೆ ಮಾತ್ರ, ಈ ಅಂಗಿ ನಮ್ಮದು, ಅದರೊಳಗಿನ ಮನುಷ್ಯ ನಮ್ಮವನಲ್ಲ ಎಂದು ಹೊಳೆಯುವುದು. ಸಂಬಳ ಕೊಡುವವನು ಅಂಗಿಯನ್ನು ನೋಡುತ್ತಾನೆ. ಜೊತೆಯಲ್ಲಿ ದುಡಿಯುವವನು ಮುಖವನ್ನು ನೋಡುತ್ತಾನೆ. ನೀತಿಬೋಧೆಯ ಉದ್ದೇಶವೇ ಇಲ್ಲದೆ ಕಟ್ಟಿದ ಆಟವೊಂದರ ನಿಯಮದೊಳಗೆ ಸಮಾಜದ ಇಷ್ಟು ದೊಡ್ಡ ಸತ್ಯ ಬಂದು ಕುಳಿತಿರುವುದು ವಿಚಾರವಂತರು ಗಮನಿಸತಕ್ಕ ಸಂಗತಿಯಾಗಿದೆ.

ಆದರೆ ಇದನ್ನು ತೋರಿಸಿಕೊಟ್ಟವರೇ ಒಮ್ಮೆ ಕುರುಡಾದರು. 2002ರ ಭಾಗದಲ್ಲಿ ಪಂಜಾಬಿನ ಕೆಲವು ಘಟ್ಟಗಳಿದ್ದುವು. ಅವುಗಳಲ್ಲಿ ಅಮೃತಸರದ ಹರಿಮಂದಿರವನ್ನು ಹೋಲುವ ದೇಗುಲದಲ್ಲಿ ಸಿಖ್ಖರ ರೂಪದವರನ್ನು ನಿಲ್ಲಿಸಿ, ಅಲ್ಲಿ ಕೊಲೆಯಾಟವನ್ನು ಹೂಡಿದ್ದರು. ಸಿಖ್ಖರು ನೊಂದು ಪ್ರತಿಭಟಿಸಿದರು. ಪ್ರಕಾಶಕರು ಮುಂದಿನ ಪ್ರತಿಗಳಲ್ಲಿ ಅದನ್ನು ತಿದ್ದುವುದಕ್ಕೆ ಒಪ್ಪಬೇಕಾಯಿತು. ಕೋಪನ್‌ಹೇಗನ್ನಿನಿಂದ ನೋಡಿದವರಿಗೆ ಮುಂಡಾಸು ಒಂದು ಉಡುಪು, ದೇಗುಲ ಒಂದು ಪರದೆ. ಆ ಮುಂಡಾಸಿನ ಕೆಳಗೆ ಮುಖವಿದೆಯೆಂದು ಹೇಳುವುದಕ್ಕೆ ಮುಂಡಾಸನ್ನು ಕಟ್ಟಿಕೊಂಡವರೇ ಬರಬೇಕಾಯಿತು. ಬಿಳಿಯ ಚುಕ್ಕೆಯ ನಿಯಮವು ಆಟದ ಹೊರಗೂ ಸಲ್ಲುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಕೊಲೆಯ ಮಾತು. ಹೆಚ್ಚಿನ ಘಟ್ಟಗಳ ಆರಂಭದಲ್ಲಿ ಡಯಾನಾ ಬರ್ನ್‌ವುಡ್ ಎಂಬ ಹೆಂಗಸು ಗುರಿಯಾದವನ ಚರಿತ್ರೆಯನ್ನು ಓದಿ ಹೇಳುವಳು. ಅವನು ಬಹುಮಟ್ಟಿಗೆ ದುಷ್ಟನೇ. ರಹಸ್ಯಗಳನ್ನು ಮಾರುವವನು, ರೋಗಬೀಜವನ್ನು ಬೆಳೆಸುವವನು. ಆಡುವವನ ಮನಸ್ಸಾಕ್ಷಿಗೆ ಅಷ್ಟೇ ಸಮಾಧಾನ. ಆದರೆ ಇಟಲಿಯ ಸಪಿಯೆನ್ಸಾ ಎಂಬ ಕಲ್ಪಿತ ಊರಿನಲ್ಲಿ ಸಿಲ್ವಿಯೊ ಕರೂಸೊ ಎಂಬ ವಿಜ್ಞಾನಿಯಿದ್ದಾನೆ. ಜನ್ಮಲಕ್ಷಣವನ್ನು ಗುರುತಿಸಿ ಬೇಕಾದವರನ್ನೇ ಕೊಲ್ಲುವ ವಿಷಾಣುವೊಂದನ್ನು ಅವನು ಸಿದ್ಧಪಡಿಸುತ್ತಿರುವನು. 47 ಅವನ ಮನೋವೈದ್ಯನ ವೇಷದಲ್ಲಿ ಬಳಿಗೆ ಹೋಗಬಹುದು. ಆಗ ಕರೂಸೊ ಆಸನದ ಮೇಲೆ ಮಲಗಿ, ಸತ್ತುಹೋದ ತನ್ನ ತಾಯಿಯ ವಿಷಯವಾಗಿ ಮಾತಾಡತೊಡಗುವನು. ತಲೆದಿಂಬು ಕೈಗೆ ಎಟಕುವಷ್ಟು ಹತ್ತಿರದಲ್ಲಿದೆ. ಓದಿ ಹೇಳಿದ ಚರಿತ್ರೆಯಲ್ಲಿದ್ದ ದುಷ್ಟನು ಆ ಗಳಿಗೆಯಲ್ಲಿ ಯಾರ ಮಗನೋ ಆಗಿಬಿಡುವನು. ಮಾತು ಮುಗಿಯುವವರೆಗೆ ಕಾಯುವವರುಂಟು, ಕಾಯದವರುಂಟು. ಆಟವು ಎರಡಕ್ಕೂ ಅಂಕವನ್ನು ಕೊಡುವುದು. ಇವರಿಬ್ಬರಲ್ಲಿ ಯಾರು ಮೇಲೆಂದು ಹೇಳುವುದಿಲ್ಲ. ಈ ಆಟದಲ್ಲಿ ಅಂಜಬೇಕಾದುದು ರಕ್ತಕ್ಕಲ್ಲ. ಬೇರೆಯವರು ಬರೆದುಕೊಟ್ಟ ಕಾಗದವನ್ನು ನಂಬಿ, ಕೋಪವಿಲ್ಲದೆ, ದ್ವೇಷವಿಲ್ಲದೆ, ಚೊಕ್ಕಟವಾಗಿ ಕೆಲಸ ಮುಗಿಸಿ ಹೊರಡುವ ಆ ಶಾಂತಿಗೆ ಅಂಜಬೇಕು. ಲೋಕದ ಕಚೇರಿಗಳಲ್ಲಿ ಆ ಶಾಂತಿಯಿಂದ ಆಗಿರುವ ಕೇಡು ಆಟದ ಕೊಲೆಗಳಿಗಿಂತ ಹೆಚ್ಚಿನದು.

ಹಿರಿಯರ ಪ್ರಶ್ನೆಗೆ ಇದರಿಂದ ಪೂರ್ತಿಯಾದ ಉತ್ತರ ದೊರೆತಂತಾಗಲಿಲ್ಲ; ದೊರೆಯಬೇಕಾದುದೂ ಇಲ್ಲ. ಆಡುವವರು ಆಡಲಿ, ಒಲ್ಲದವರು ಬಿಡಲಿ. ಆದರೆ ಆಡುವವರಾಗಲಿ, ಪಕ್ಕದಲ್ಲಿ ಕುಳಿತು ನೋಡುವವರಾಗಲಿ, ಒಂದು ಸಂಗತಿಯನ್ನು ಮರೆಯಬಾರದು. 47 ತೊಟ್ಟ ಅಂಗಿಗೆ ಒಬ್ಬ ಒಡೆಯನಿದ್ದನು. ಅವನು ಗುರಿಯಲ್ಲವಾದುದರಿಂದ ಕೊಲ್ಲುವಂತಿಲ್ಲ. ಪ್ರಜ್ಞೆ ತಪ್ಪಿಸಿ, ಒಳಬಟ್ಟೆಯಲ್ಲಿಯೇ ಒಂದು ದೊಡ್ಡ ಪೆಟ್ಟಿಗೆಯೊಳಕ್ಕೆ ಹಾಕಿ, ಮುಚ್ಚಳ ಮುಚ್ಚಿರುತ್ತದೆ. ಮೇಲೆ ಔತಣ ನಡೆಯುತ್ತಲೇ ಇರುವುದು. ಲೋಟಗಳು ತುಂಬುತ್ತಲೇ ಇರುವುವು. ಅರಮನೆ ತುಂಬ ಜನರಿದ್ದರೂ ಆ ಮಾಣಿ ಎಲ್ಲಿ ಹೋದನೆಂದು ಒಬ್ಬರೂ ಕೇಳುವುದಿಲ್ಲ.