ಎರಡು ಗುರುತುಗಳ ನಡುವೆ

ಚಿಕ್ಕಂದಿನಲ್ಲಿ ನನಗೆ ಅಪ್ಪನೆಂದರೆ ಕಾರಿನಡಿಯಿಂದ ಹೊರಚಾಚಿದ ಎರಡು ಕಾಲುಗಳು. ಮನೆಗಂಟಿದ ಶೆಡ್ಡೇ ಅವರ ಗ್ಯಾರೇಜು. ಅಂಗಾತ ಮಲಗಿ ಮಲಗಿ ಬೆನ್ನು ಕೈಕೊಟ್ಟ ಮೇಲೆ ಎರಡು ಕಂಬದ ಲಿಫ್ಟ್ ಹಾಕಿಸಲು ಒಪ್ಪಿದರು. ಪ್ರಬಂಧದ ಅಧ್ಯಾಯವನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋದೆ.

ಟೇಪು ಹಿಡಿದು, ಶೆಡ್ಡಿನ ಉದ್ದದ ನಟ್ಟನಡುವೆ ಸೀಮೆಸುಣ್ಣದಲ್ಲಿ ಕಂಬಗಳ ಜಾಗ ಗುರುತಿಸಿದೆ. ಅಪ್ಪ ಹಳೆಯ ಮಾರುತಿ ಎಸ್ಟೀಮ್ ಒಳಗೆ ತಂದರು. ‘ಎಂಜಿನ್ ಮುಂದಿದೆ, ಭಾರವೂ ಮುಂದೇ. ಕಂಬಗಳ ನಡುವೆ ಬರಬೇಕಾದ್ದು ಭಾರ ಕಣೋ, ಕಾರಿನ ಮಧ್ಯ ಅಲ್ಲ’ ಎಂದರು. ಹಾಗೆ ನಿಲ್ಲಿಸಿದರೆ ಡಿಕ್ಕಿ ಷಟರಿನಾಚೆ! ಬಾಗಿಲು ಕಂಬಕ್ಕೆ ತಾಗೀತೇ ಎಂದೂ ತೆರೆದು ನೋಡಿ, ಗುರುತನ್ನು ಒಂದಡಿ ಒಳಗೆ ಸರಿಸಿದರು.

ನೆಲ ಕೊರೆದಾಗ ಕಾಂಕ್ರೀಟು 2 ಇಂಚು. ಲಿಫ್ಟಿನವರು ಕೇಳಿದ್ದು ಕನಿಷ್ಠ 4. ಅಪ್ಪನೇ ಕೈಯಾರೆ ಹಾಕಿದ್ದ ನೆಲ. ಒಡೆಸಿ ಹೊಸದಾಗಿ ಹಾಕಿಸಿದೆವು. ಬಲ ಬರಲು 28 ದಿನ. ಅಷ್ಟೂ ದಿನ ದುಡಿಮೆಯಿಲ್ಲ. ನನ್ನ ಫೆಲೋಶಿಪ್ಪಿನಲ್ಲೇ ಮನೆ ನಡೆಯಿತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬೆಳಿಗ್ಗೆ ಸಂಜೆ ನೆಲಕ್ಕೆ ನೀರು ಹೊಡೆಯುತ್ತಿದ್ದ ಅಪ್ಪ, ಕೊನೆಯ ವಾರ ಮತ್ತೆ ಗುರುತು ಎಳೆದರು. ಅವುಗಳ ನಡುವೆ ನೆಟ್ಟಗೆ ನಿಂತು, ಬರಿಗಾಳಿಗೆ ಕೈಯೆತ್ತಿ ಕೇಳಿದರು:

‘ಎಂಜಿನ್ನು ಇಲ್ಲಿಗೆ ಬರುತ್ತೆ, ಅಲ್ವೇನೋ?’