ಕಾಲುವೆಯ ಕೊನೆಯ ಊರು

‘ನಾಳೆ ಮೊಯ್ನಾಕ್‌ಗೆ ಹೋಗುತ್ತೇನೆ’ ಎಂದಾಗ ಖಿವಾದ ಹಾಸ್ಟೆಲ್ಲಿನ ಹುಡುಗ ನಕ್ಕುಬಿಟ್ಟ. ‘ಸಮುದ್ರ ನೋಡೋಕೆ ಹೋಗ್ತಿದ್ದೀರಾ? ಅಲ್ಲಿ ಸಮುದ್ರವೇ ಇಲ್ಲವಲ್ಲ!’

ಉಜ್ಬೇಕಿಸ್ತಾನಕ್ಕೆ ಬರುವ ಹೆಚ್ಚಿನವರು ಸಮರ್‌ಕಂದ್, ಬುಖಾರಾ, ಖಿವಾಗಳ ನೀಲಿ ಗುಮ್ಮಟಗಳನ್ನು ನೋಡಿಕೊಂಡು ವಾಪಸಾಗುತ್ತಾರೆ. ನಾನೂ ಆ ಗುಮ್ಮಟಗಳ ಕೆಳಗೆ ಬಾಯಿ ಬಿಟ್ಟುಕೊಂಡು ನಿಂತವನೇ. ಆದರೆ ಹೈಸ್ಕೂಲಿನ ಗೋಡೆಯ ಭೂಪಟದಲ್ಲಿ ನೀಲಿ ಬಣ್ಣ ತುಂಬಿದ್ದ ಅರಲ್ ಸಮುದ್ರ ತಲೆಯೊಳಗೆ ಹಾಗೇ ಉಳಿದಿತ್ತು. ನಮ್ಮ ಶಾಲೆಯ ಭೂಪಟ ಬಹಳ ಹಳೆಯದು. ಅದರಲ್ಲಿದ್ದ ನೀರು ಎಷ್ಟೋ ವರ್ಷಗಳ ಹಿಂದೆಯೇ ಹೋಗಿತ್ತು ಎನ್ನುವುದು ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ.

ಖಿವಾದಿಂದ ನುಕುಸ್‌ಗೆ ಶೇರ್ ಟ್ಯಾಕ್ಸಿ. ನಾಲ್ಕು ಜನ ತುಂಬುವವರೆಗೂ ಚಾಲಕ ಗಾಡಿ ಬಿಡಲಿಲ್ಲ. ನಮ್ಮ ಕಡೆಯ ಟಂಟಂಗಳ ಹಾಗೆಯೇ. ಸೆಪ್ಟೆಂಬರ್ ತಿಂಗಳು. ರಸ್ತೆಯ ಎರಡೂ ಬದಿಗೆ ಹತ್ತಿ ಬಿರಿದು ನಿಂತಿತ್ತು. ಹೊಲಗಳ ನಡುವೆ ಕಾಲುವೆ, ಕಾಲುವೆಯಿಂದ ಸೀಳಿಕೊಂಡ ಮತ್ತೊಂದು ಕಾಲುವೆ, ದಂಡೆಯ ಮೇಲೆ ಸಾಲುಮರ. ಕಿಟಕಿಯ ಪಕ್ಕ ಕೂತಿದ್ದ ನನಗೆ ಇದು ಬೇರೆ ದೇಶ ಎನಿಸಲೇ ಇಲ್ಲ. ನಾನು ಗಂಗಾವತಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಹುಟ್ಟಿದವನಿಗೆ ತುಂಬಿ ಹರಿಯುವ ಕಾಲುವೆ ಕಂಡರೆ ತವರು ಕಂಡಂತೆ.

ನುಕುಸ್ ತಲುಪುವ ಹೊತ್ತಿಗೆ ಅಮು ದರಿಯಾ ಮರಳಿನ ದಿಬ್ಬಗಳ ನಡುವೆ ದಾರಿ ಹುಡುಕುವ ನದಿಯಾಗಿತ್ತು. ಮರುದಿನ ಅಲ್ಲಿಂದ ಉತ್ತರಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ಕುಂಗ್ರಾದ್ ದಾಟಿದ ಮೇಲೆ ಹಸಿರು ಕಡಿಮೆಯಾಗುತ್ತ ಹೋಯಿತು. ನೆಲದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿಕೊಂಡಿತ್ತು. ಕೊನೆಗೆ ಊರಿನ ಸ್ವಾಗತ ಫಲಕ ಬಂತು. ಅದರ ಮೇಲೆ ಅಲೆ, ಅಲೆಯ ಜೊತೆಗೊಂದು ಮೀನು.

ಮೊಯ್ನಾಕ್ ಒಂದು ಕಾಲಕ್ಕೆ ಬಂದರು. ಆಗ ಅರಲ್ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರ. 1960ರಲ್ಲಿ ಅದರ ಹರವು ಸುಮಾರು 68 ಸಾವಿರ ಚದರ ಕಿಲೋಮೀಟರ್. ಅದಕ್ಕೆ ನೀರು ತರುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಸೋವಿಯತ್ ಸರ್ಕಾರ ಹತ್ತಿ ಬೆಳೆಯಲು ಕಾಲುವೆಗಳಿಗೆ ತಿರುಗಿಸಿತು. 1987ರ ಹೊತ್ತಿಗೆ ಸರೋವರ ಎರಡು ಹೋಳಾಯಿತು. ಈಗ ಮೊಯ್ನಾಕ್‌ನಿಂದ ನೀರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮೀನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಯೊಂದು ಇಲ್ಲಿತ್ತು. ಸುತ್ತ ಮೀನು ಮುಗಿದ ಮೇಲೂ ಜನರಿಗೆ ಕೆಲಸ ಇರಲೆಂದು ದೂರದ ಸಮುದ್ರಗಳಿಂದ ಮೀನು ತರಿಸಿ ಕೆಲವು ವರ್ಷ ಅದನ್ನು ನಡೆಸಿದರಂತೆ.

ಊರಂಚಿನ ದಿಬ್ಬದ ಕೆಳಗೆ ಹಡಗುಗಳು ಮರಳಿನಲ್ಲಿ ನಿಂತಿದ್ದವು, ತುಕ್ಕು ಹಿಡಿದು ಕೆಂಪಗೆ. ಪ್ರವಾಸಿಗಳು ನಾಲ್ಕೈದು ಜನ, ಎಲ್ಲರ ಕೈಯಲ್ಲೂ ಕ್ಯಾಮೆರಾ. ನಾನೂ ಫೋಟೋ ತೆಗೆದೆ. ಕಾಲ ಕೆಳಗೆ ಚಿಪ್ಪುಗಳು ಚರಚರ ಎನ್ನುತ್ತಿದ್ದವು.

ಉಳಿದುಕೊಂಡಿದ್ದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಸಂಜೆ ರೊಟ್ಟಿ ಮುರಿದು ಮುಂದಿಟ್ಟರು. ಬಟ್ಟಲಿಗೆ ಚಹಾ ಸ್ವಲ್ಪವೇ ಸುರಿದರು. ಜಿಪುಣರೆಂದುಕೊಂಡೆ. ಬಟ್ಟಲು ತುಂಬ ಸುರಿದರೆ ‘ಕುಡಿದು ಹೊರಡು’ ಎಂದರ್ಥವಂತೆ. ಸ್ವಲ್ಪ ಸುರಿಯುವುದು ಮತ್ತೆ ಮತ್ತೆ ಬಡಿಸಲಿಕ್ಕೆ. ಫೋನಿನ ಅನುವಾದದಲ್ಲೇ ನಮ್ಮ ಮಾತು. ‘ಸಮುದ್ರ ಯಾವಾಗ ಹೋಯಿತು?’ ಎಂದು ಕೇಳಿದೆ. ಅವರು ಬಹಳ ಹೊತ್ತು ಫೋನಿಗೆ ಮಾತಾಡಿದರು. ತೆರೆಯ ಮೇಲೆ ಬಂದದ್ದು ಇಷ್ಟೇ: ‘ಒಂದು ದಿನ ಹೋಗಲಿಲ್ಲ. ಪ್ರತಿ ವರ್ಷ ಸ್ವಲ್ಪ. ನಾವು ದೋಣಿಗಳಿಗಾಗಿ ಕಾಲುವೆ ತೋಡಿ ನೀರಿನ ಹಿಂದೆ ಹೋದೆವು. ನೀರು ನಮಗಿಂತ ಬೇಗ ಹೋಯಿತು.’ ಆಮೇಲೆ ಅವರೇ ಕೇಳಿದರು: ‘ನಿಮ್ಮ ಊರಿನಲ್ಲಿ ನೀರಿದೆಯೇ?’

‘ಇದೆ, ಬೇಕಾದಷ್ಟಿದೆ’ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಊರಿನಲ್ಲಿ ನೀರಿರುವುದು ಹೇಗೆಂದು ನನಗೆ ಗೊತ್ತಿತ್ತು. ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಎಂದಿತ್ತು. ಮೇಲ್ಭಾಗದ ನಾವು ಭತ್ತ ಹಾಕಿದೆವು. ನಮ್ಮ ಸೀಮೆಗೆ ಭತ್ತದ ಕಣಜ ಎಂಬ ಹೆಸರೂ ಬಂತು. ನಾನು ಹುಡುಗನಾಗಿದ್ದಾಗ ಅಪ್ಪ ರಾತ್ರಿ ಕಾಲುವೆಗೆ ಪೈಪು ಇಳಿಬಿಡುತ್ತಿದ್ದ. ಬ್ಯಾಟರಿ ಹಿಡಿಯುವುದು ನನ್ನ ಕೆಲಸ. ಇಲಾಖೆಯ ಜೀಪಿನ ಬೆಳಕು ಕಂಡರೆ ಬ್ಯಾಟರಿ ಆರಿಸಬೇಕು. ಅದೊಂದು ಆಟದಂತಿತ್ತು.

ನಮ್ಮ ಅತ್ತೆಯನ್ನು ಕೊಟ್ಟಿದ್ದು ಮಾನ್ವಿ ಕಡೆ, ಕಾಲುವೆಯ ಕೊನೆಯ ಭಾಗದ ಹಳ್ಳಿಗೆ. ಒಂದು ವರ್ಷ ಮಾವ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತು, ‘ಹತ್ತಿ ಒಣಗಾಕ ಹತ್ತೈತಿ. ನಮ್ಮ ಕಡಿ ಇನ್ನಾ ನೀರು ಮುಟ್ಟಿಲ್ಲ ನೋಡ್ರಿ’ ಎಂದಿದ್ದ. ಅಪ್ಪ, ‘ಈ ಸಲ ಡ್ಯಾಮಿನಾಗ ನೀರ ಕಡಿಮಿ’ ಎಂದ. ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ ಎಂದು ಬ್ಯಾಟರಿ ಹಿಡಿದ ನನಗೆ ಗೊತ್ತಿತ್ತು. ಆ ಬೇಸಿಗೆ ಅತ್ತೆಯ ಮನೆಯವರು ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ನಾನು ಓದಿದ್ದು, ಈಗ ಹೀಗೆ ಪಾಸ್‌ಪೋರ್ಟ್ ಹಿಡಿದು ಯಾರೂ ಹೋಗದ ಊರುಗಳನ್ನು ಹುಡುಕಿಕೊಂಡು ಹೋಗುವುದು, ಎಲ್ಲ ಆ ಭತ್ತದ ದುಡ್ಡಿನಿಂದ ಶುರುವಾದದ್ದು.

ಮೊಯ್ನಾಕ್‌ಗೆ ಹೋಗುವಾಗ ನಾನು ದುರಂತವೊಂದನ್ನು ನೋಡಲು ಹೊರಟ ಪ್ರವಾಸಿಯಾಗಿದ್ದೆ. ಮಾಸ್ಕೋದ ತಪ್ಪು, ಹಳೆಯ ಕಾಲದ ತಪ್ಪು, ಅಯ್ಯೋ ಪಾಪ ಎಂದು ಬರಬಹುದಿತ್ತು. ಖಿವಾದ ಹತ್ತಿ ಹೊಲಗಳನ್ನು ನೋಡಿ ತವರು ಎಂದುಕೊಂಡವನು ನಾನೇ. ಅಲ್ಲಿ ಹತ್ತಿ ಬಿಡಿಸುತ್ತಿದ್ದವರಲ್ಲಿ ಯಾರೂ ಸಮುದ್ರವನ್ನು ಒಣಗಿಸಬೇಕೆಂದು ನೀರು ಹಾಯಿಸಿದವರಲ್ಲ. ನಮ್ಮಪ್ಪನೂ ತಂಗಿಯನ್ನು ಗುಳೆ ಕಳಿಸಬೇಕೆಂದು ಪೈಪು ಇಟ್ಟವನಲ್ಲ.

ಊರಿಗೆ ಬಂದು ಅಪ್ಪನಿಗೆ ಹಡಗುಗಳ ಫೋಟೋ ತೋರಿಸಿದೆ. ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ನೋಡಿದ.

‘ಮ್ಯಾಲಿನ ಮಂದಿ ಏನ್ ಬೆಳೀತಾರ ಅಲ್ಲಿ?’

‘ಹತ್ತಿ.’

ಅಪ್ಪ ಫೋನು ವಾಪಸು ಕೊಟ್ಟ. ‘ಹತ್ತಿಗೆ ಭತ್ತಕ್ಕಿಂತ ನೀರು ಕಡಿಮಿ ಸಾಕಲ್ಲೋ’ ಎಂದ. ಆಮೇಲೆ ಏನೂ ಹೇಳಲಿಲ್ಲ.

ಆ ವಾರ ಕಾಲುವೆಗೆ ನೀರು ಬಿಟ್ಟಿದ್ದರು. ಊಟ ಮುಗಿಸಿ ಅಪ್ಪ ಬ್ಯಾಟರಿ ತೆಗೆದುಕೊಂಡ. ನಾನೂ ಹಿಂದೆ ಹೊರಟೆ. ದಂಡೆಯ ಮೇಲೆ ಪೈಪು ಬಿದ್ದಿತ್ತು. ಇಬ್ಬರೂ ಅದರ ಪಕ್ಕ ಕೂತೆವು, ನೀರು ಕೆಳಗೆ ಹೋಗುವುದನ್ನು ನೋಡುತ್ತ. ಎಷ್ಟು ಹೊತ್ತು ಹಾಗೆ ಕೂತಿರಬಲ್ಲೆವು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.